ಲಾಲ್‌ಬಾಗ್‌ನಿಂದ ಇಂದಿರಾನಗರದವರೆಗೆ: ಬೆಂಗಳೂರಿನ ಜರ್ಮನ್ ನಂಟಿನ ಪ್ರವಾಸ ಹೇಗಿದೆ?

ಬೆಂಗಳೂರಿನಲ್ಲಿ ಭಾನುವಾರ ಬೆಳಗಿನ ಪಾರಂಪರಿಕ ನಡಿಗೆಗಳಿಗೆ ಈಗ ಬರವಿಲ್ಲ. ಪೇಟೆಯ ಬೀದಿಗಳು, ಮಲ್ಲೇಶ್ವರದ ದೇವಸ್ಥಾನಗಳು, ಬಸವನಗುಡಿಯ ಹಳೆಯ ಮನೆಗಳು, ದಂಡು ಪ್ರದೇಶದ ಬಂಗಲೆಗಳು ಎಂದು ಒಂದೊಂದಕ್ಕೂ ಒಂದೊಂದು ತಂಡ ಹುಟ್ಟಿಕೊಂಡಿದೆ. ಆ ಸಾಲಿಗೆ ಹೊಸದಾಗಿ ಸೇರಿರುವ ಅರ್ಧ ದಿನದ ಪ್ರವಾಸವೊಂದು, ಕರ್ನಾಟಕಕ್ಕೂ ಜರ್ಮನಿಗೂ ಇರುವ ನಂಟನ್ನು ನಗರದ ಐದು ಸ್ಥಳಗಳಲ್ಲಿ ನಿಂತು ವಿವರಿಸುವುದಾಗಿ ಹೇಳಿಕೊಳ್ಳುತ್ತದೆ. ಇದನ್ನು ನಡೆಸುತ್ತಿರುವುದು ಇತಿಹಾಸದಲ್ಲಿ ಆಸಕ್ತಿಯಿರುವ ಕೆಲವು ಯುವಜನರ ಚಿಕ್ಕ ತಂಡ. ನನ್ನ ಬರಹದಲ್ಲಿ ಮೆಚ್ಚುಗೆಯ ಜೊತೆಗೆ ತಕರಾರುಗಳೂ ಸಾಕಷ್ಟಿರುವುದರಿಂದ ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮೊದಲು ವ್ಯವಸ್ಥೆಯ ಮಾತು. ತಲೆಗೆ 1,200 ರೂಪಾಯಿ ಶುಲ್ಕ. ಅದರಲ್ಲಿ ಟೆಂಪೊ ಟ್ರಾವೆಲರ್‌ನ ಓಡಾಟ, ಲಾಲ್‌ಬಾಗ್‌ನ ಪ್ರವೇಶ, ನೀರು, ಕೊನೆಯಲ್ಲಿ ಒಂದು ಲಘು ಉಪಾಹಾರ ಎಲ್ಲವೂ ಸೇರಿದೆ. ಬೆಳಿಗ್ಗೆ ಏಳಕ್ಕೆ ಲಾಲ್‌ಬಾಗ್‌ನಲ್ಲಿ ಸೇರಿ, ಹೊಸೂರು ರಸ್ತೆಯ ಸ್ಮಶಾನ, ಮಹಾತ್ಮ ಗಾಂಧಿ ರಸ್ತೆಯ ಕಿಟ್ಟೆಲ್ ಪ್ರತಿಮೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳನ್ನು ನೋಡಿಕೊಂಡು ಮಧ್ಯಾಹ್ನದ ಹೊತ್ತಿಗೆ ಇಂದಿರಾನಗರದಲ್ಲಿ ಮುಗಿಸುವುದು ಕ್ರಮ. ಗುಂಪು ಇಪ್ಪತ್ತು ಜನರನ್ನು ಮೀರದಂತೆ ನೋಡಿಕೊಳ್ಳುತ್ತಾರೆ, ಆದ್ದರಿಂದ ಹಿಂದೆ ನಿಂತವರಿಗೂ ಮಾತು ಕೇಳಿಸುತ್ತದೆ. ಪಟ್ಟ ಶ್ರಮಕ್ಕೆ ಮತ್ತು ಕೊಟ್ಟ ಹಣಕ್ಕೆ ಮೋಸವಿಲ್ಲವೆಂದು ಮೊದಲಿಗೇ ಹೇಳಿಬಿಡುತ್ತೇನೆ. ಆದರೆ ಈ ಪ್ರವಾಸವು ಒಂದು ಮರದ ಕೆಳಗೆ, ಒಂದು ಗೋಡೆಯ ಎದುರು, ಒಂದು ಪುಟದ ಮೇಲೆ ನಿಂತಾಗ ಎಷ್ಟು ಚೆನ್ನಾಗಿದೆಯೋ, ಅದೆಲ್ಲವನ್ನೂ 'ಎರಡು ರಾಷ್ಟ್ರಗಳ ಅವಿಚ್ಛಿನ್ನ ಸ್ನೇಹ' ಎಂಬ ಒಂದೇ ದಾರದಲ್ಲಿ ಪೋಣಿಸಲು ಹೊರಟಾಗ ಅಷ್ಟೇ ದುರ್ಬಲವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಲಾಲ್‌ಬಾಗ್‌ನ ಭಾಗ ಇಡೀ ಪ್ರವಾಸದಲ್ಲೇ ಉತ್ತಮವಾದುದು. ಡ್ರೆಸ್ಡೆನ್ ಬಳಿಯ ಲೋಮೆನ್ ಎಂಬ ಊರಿನಲ್ಲಿ 1865ರಲ್ಲಿ ಹುಟ್ಟಿದ ಗುಸ್ತಾವ್ ಹರ್ಮನ್ ಕೃಂಬಿಗಲ್, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡದ ಮಹಾರಾಜರ ತೋಟಗಳಿಗೆ ಬಂದವರು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಹ್ವಾನದ ಮೇಲೆ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗ್‌ನ ಹೊಣೆ ಹೊತ್ತು, ಕೊನೆಯವರೆಗೂ ಬೆಂಗಳೂರಿನವರಾಗಿಯೇ ಉಳಿದರು. ಇಷ್ಟನ್ನು ಯಾವ ಫಲಕವಾದರೂ ಹೇಳೀತು. ಮಾರ್ಗದರ್ಶಿ ಯುವತಿ ಮಾಡಿದ್ದು ಬೇರೆ. ಅವರು ಪ್ರತಿಯೊಬ್ಬರ ಕೈಗೂ ಹನ್ನೆರಡು ತಿಂಗಳುಗಳ ಮನೆಗಳಿರುವ ಒಂದು ದುಂಡನೆಯ ರಟ್ಟನ್ನು ಕೊಟ್ಟು, ತಮ್ಮ ತಮ್ಮ ಬೀದಿಯಲ್ಲಿ ಯಾವ ತಿಂಗಳು ಯಾವ ಮರ ಹೂ ಬಿಡುತ್ತದೆಂಬುದನ್ನು ಪೆನ್ಸಿಲಿನಲ್ಲಿ ತುಂಬಲು ಹೇಳಿದರು. ಜಯನಗರದವರು ವರ್ಷದ ಆರಂಭಕ್ಕೆ ಟಬೂಬಿಯ ಬರೆದರು. ಮಲ್ಲೇಶ್ವರದಿಂದ ಬಂದಿದ್ದ ಹಿರಿಯರೊಬ್ಬರು ಮಾರ್ಚಿಗೆ ಜಕರಂಡವನ್ನೂ ಏಪ್ರಿಲ್–ಮೇ ತಿಂಗಳುಗಳಿಗೆ ಗುಲ್‌ಮೊಹರನ್ನೂ ಬರೆದರು. ಹಳದಿ ಹೂವನ್ನು ರಸ್ತೆಗೆ ಹಾಸುವ ಮರದ ಹೆಸರು ಯಾರಿಗೂ ಹೊಳೆಯದೆ, ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ 'ಪೆಲ್ಟೊಫೋರಂ' ಎಂದ. ಹತ್ತು ನಿಮಿಷದಲ್ಲಿ ಎಲ್ಲರ ರಟ್ಟುಗಳನ್ನು ಒಟ್ಟಿಗೆ ಹಿಡಿದರೆ ಖಾಲಿ ಮನೆಗಳು ತೀರಾ ಕಡಿಮೆ. ವರ್ಷದ ಯಾವ ಕಾಲದಲ್ಲಾದರೂ ಊರಿನ ಒಂದಲ್ಲ ಒಂದು ಬೀದಿಯಲ್ಲಿ ಹೂವಿರಬೇಕೆಂಬ ಲೆಕ್ಕಾಚಾರದಿಂದ ಸಾಲುಮರಗಳನ್ನು ಆಯ್ದು ನೆಡುವ ಪದ್ಧತಿಗೆ ಕೃಂಬಿಗಲ್ ಅಡಿಪಾಯ ಹಾಕಿದರು, ಅವರ ನಂತರ ಬಂದ ಜವರಾಯ ಮತ್ತು ಮರಿಗೌಡರು ಅದನ್ನು ಮುಂದುವರಿಸಿದರು ಎಂಬ ಮಾತನ್ನು ಅವರು ಹೇಳಿದ್ದು ಈ ಆಟವೆಲ್ಲ ಮುಗಿದ ಮೇಲೆ. ಹೊರಗಿನಿಂದ ಬಂದವನೊಬ್ಬನ ಕೆಲಸವನ್ನು ನಮ್ಮ ಬೀದಿಯ ನೆನಪಿನಿಂದಲೇ ತೆಗೆದು ತೋರಿಸುವ ಈ ಜಾಣ್ಮೆಯನ್ನು ನಾನು ಬೇರೆ ಯಾವ ನಡಿಗೆಯಲ್ಲೂ ಕಂಡಿಲ್ಲ.

ಕನ್ನಂಬಾಡಿಯ ಕೆಳಗಿನ ಬೃಂದಾವನವೂ ಇದೇ ಕೃಂಬಿಗಲ್ ಅವರ ವಿನ್ಯಾಸವೆಂಬುದು ಗುಂಪಿನ ಅರ್ಧಕ್ಕರ್ಧ ಜನರಿಗೆ ಹೊಸ ವಿಷಯವಾಗಿತ್ತು. ಅವರ ಹೆಸರಿನ ರಸ್ತೆಯೂ ಲಾಲ್‌ಬಾಗ್‌ನ ಮಗ್ಗುಲಲ್ಲಿಯೇ ಇದೆ.

ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಪ್ರವಾಸದ ತಂಡ ಮುಂಚಿತವಾಗಿ ಮಾತನಾಡಿಕೊಂಡಿರಲಿಲ್ಲವಾದ್ದರಿಂದ ಗೇಟಿನ ಹೊರಗೆ ಬಿಸಿಲಿನಲ್ಲಿ ಸುಮ್ಮನೆ ನಿಲ್ಲಬೇಕಾಯಿತು. ಆ ಬಿಡುವಿನಲ್ಲಾದರೂ ಹೇಳಬಹುದಾಗಿದ್ದ ಒಂದು ಸಂಗತಿಯನ್ನು ಮಾರ್ಗದರ್ಶಿ ಬಿಟ್ಟುಬಿಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಇದೇ ಕೃಂಬಿಗಲ್ ಅವರನ್ನು ಶತ್ರುದೇಶದ ಪ್ರಜೆಯೆಂದು ಪರಿಗಣಿಸಿ ಬಂಧನ ಶಿಬಿರಕ್ಕೆ ಕಳುಹಿಸಿತ್ತು. ಈ ಊರಿಗೆ ಮೂರು ದಶಕ ದುಡಿದ ಎಪ್ಪತ್ತು ದಾಟಿದ ಮನುಷ್ಯ, ತನ್ನ ಪಾಸ್‌ಪೋರ್ಟಿನ ಕಾರಣದಿಂದ ಅನುಮಾನಕ್ಕೆ ಗುರಿಯಾದ ಕಥೆಯನ್ನು ಬಿಟ್ಟರೆ ಸ್ನೇಹದ ಕಥೆ ಸಲೀಸಾಗಿ ಸಾಗುತ್ತದೆ, ನಿಜ. ಆದರೆ ಅದು ಪೂರ್ತಿ ಕಥೆಯಲ್ಲ. ಇನ್ನೊಂದು ವಿಚಿತ್ರವೂ ಇದೆ. ಅವರು 1956ರಲ್ಲಿ ತೀರಿಕೊಂಡಾಗ ಅವರ ಹುಟ್ಟೂರು ಪೂರ್ವ ಜರ್ಮನಿಯಲ್ಲಿತ್ತು. ಆ ರಾಷ್ಟ್ರಕ್ಕೆ ಭಾರತ ರಾಜತಾಂತ್ರಿಕ ಮನ್ನಣೆ ಕೊಟ್ಟಿದ್ದು 1972ರಲ್ಲಿ. ನಮ್ಮ ಬೀದಿಗಳಿಗೆ ಹೂವಿನ ಕ್ಯಾಲೆಂಡರು ಬರೆದವರ ತವರಿನ ಜೊತೆ ನಮ್ಮ ಸರ್ಕಾರಕ್ಕೆ ಆ ಹೊತ್ತಿನಲ್ಲಿ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲವೆಂದರೆ, 'ಎರಡು ರಾಷ್ಟ್ರಗಳು' ಎಂದು ಎಣಿಸುವುದೇ ಎಷ್ಟು ತೊಡಕಿನದೆಂದು ಗೊತ್ತಾಗುತ್ತದೆ.

ಮಹಾತ್ಮ ಗಾಂಧಿ ರಸ್ತೆಯಲ್ಲಿ ಮೇಯೊ ಹಾಲ್ ಬಳಿ ಫರ್ಡಿನೆಂಡ್ ಕಿಟ್ಟೆಲ್ ಅವರ ಪ್ರತಿಮೆ ನಿಂತಿದೆ. ದಿನವೂ ಆ ದಾರಿಯಲ್ಲಿ ಹೋಗುವ ಸಾವಿರಾರು ಜನರಲ್ಲಿ ಅದರತ್ತ ಕಣ್ಣೆತ್ತಿ ನೋಡುವವರು ವಿರಳ. ಇಲ್ಲಿ ತಂಡವು ಅವರು ರಚಿಸಿದ ಕನ್ನಡ–ಇಂಗ್ಲಿಷ್ ನಿಘಂಟಿನ ಒಂದು ಪುಟದ ದೊಡ್ಡ ನೆರಳಚ್ಚನ್ನು ಹಿಡಿದು ತೋರಿಸುತ್ತದೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂದ, ಸುಮಾರು 70,000 ಪದಗಳ ಆ ಕೃತಿಯ ಅಗಾಧತೆಯನ್ನು ಸಂಖ್ಯೆಗಿಂತ ಈ ಪುಟ ಚೆನ್ನಾಗಿ ಹೇಳುತ್ತದೆ: ಇಕ್ಕಟ್ಟಾದ ಅಂಕಣಗಳು, ದಪ್ಪಕ್ಷರದ ಕನ್ನಡ ಪದ, ಅದರ ಬೆನ್ನಿಗೇ ತಮಿಳು, ತೆಲುಗು, ಮಲಯಾಳ, ತುಳುಗಳ ದಾಯಾದಿ ರೂಪಗಳು, ನಡುನಡುವೆ ಹಳೆಗನ್ನಡ ಕಾವ್ಯದ ಪ್ರಯೋಗ, ಪಕ್ಕದಲ್ಲೇ ಹಳ್ಳಿಯ ಗಾದೆ. ಪಂಪನ ಕಾಲದ ಮಾತೂ ಸಂತೆಯ ಮಾತೂ ಒಂದೇ ಅಂಕಣದಲ್ಲಿ ಕುಳಿತಿರುವುದನ್ನು ನೋಡಿ ಗುಂಪಿನಲ್ಲಿದ್ದ ಕಾಲೇಜು ಹುಡುಗರು ಮೊಬೈಲು ತೆಗೆದು ಫೋಟೊ ಹಿಡಿದುಕೊಂಡರು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಕಿಟ್ಟೆಲ್ ಇದಕ್ಕೂ ಮೊದಲೇ ಸಂಪಾದಿಸಿ ಅಚ್ಚು ಹಾಕಿಸಿದ್ದನ್ನು ಮಾರ್ಗದರ್ಶಿ ಸರಿಯಾಗಿ ನೆನಪಿಸಿದರು. ಅದೇ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದ ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರದ ಮಾತೂ ಇಲ್ಲಿಯೇ ಬಂದಿತು.

ಆದರೆ ಕೈಗೆ ಕೊಟ್ಟ ಕರಪತ್ರದಲ್ಲಿ 'ಭಾರತ–ಜರ್ಮನಿ ಸ್ನೇಹದ ನೂರೆಂಬತ್ತು ವರ್ಷ' ಎಂದು ಅಚ್ಚಾಗಿತ್ತು, ಮತ್ತು ಅದನ್ನು ಓದಿದಾಗ ನನಗೆ ಸುಮ್ಮನಿರಲಾಗಲಿಲ್ಲ. ಮೊಗ್ಲಿಂಗ್ ಪತ್ರಿಕೆ ತಂದಾಗ ಜರ್ಮನಿ ಎಂಬ ಒಂದು ರಾಷ್ಟ್ರವೇ ಇರಲಿಲ್ಲ. ಅವರು ವ್ಯೂರ್ಟೆಂಬರ್ಗ್ ರಾಜ್ಯದವರು, ಕಿಟ್ಟೆಲ್ ಹುಟ್ಟಿದ ನೆಲ ಆಗ ಹ್ಯಾನೋವರ್ ರಾಜ್ಯಕ್ಕೆ ಸೇರಿತ್ತು, ಜರ್ಮನಿ ಒಂದಾದದ್ದು 1871ರಲ್ಲಿ. ಅವರನ್ನು ಕಳುಹಿಸಿದ ಮಿಷನ್ನಿನ ಕೇಂದ್ರವಂತೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ. ಇತ್ತ ಅವರು ಬಂದಿಳಿದ ನೆಲ ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಲ್ಲಿತ್ತು. ಬಂದದ್ದು ಮತಪ್ರಚಾರಕ್ಕೆ, ಉಳಿದದ್ದು ಪದ್ಯ, ವ್ಯಾಕರಣ ಮತ್ತು ಪದಗಳ ಕೆಲಸಕ್ಕೆ. ಮೊದಲನೆಯ ಮಹಾಯುದ್ಧ ಬಂದಾಗ ಬಾಸೆಲ್ ಮಿಷನ್ನಿನ ಮಂಗಳೂರು ಹಂಚಿನ ಕಾರ್ಖಾನೆಗಳು ಶತ್ರುಗಳ ಆಸ್ತಿಯೆಂದು ಕೈಬದಲಾದವು. ರಾಯಭಾರಿಗಳು ಹುಟ್ಟುವುದಕ್ಕೆ ಮೊದಲೇ ಎರಡು ಭಾಷೆಗಳ ನಡುವೆ ಕೆಲಸ ನಡೆದಿತ್ತು ಎಂದು ಹೇಳಿದ್ದರೆ ಅದು ನಿಜವೂ ಆಗುತ್ತಿತ್ತು, ಕೇಳುವುದಕ್ಕೆ ಹೆಚ್ಚು ಸ್ವಾರಸ್ಯಕರವೂ ಆಗುತ್ತಿತ್ತು. ಕರಪತ್ರದ ಮರುಮುದ್ರಣದಲ್ಲಿ ಆ ಸಾಲನ್ನು ತೆಗೆಯಬೇಕು.

ಪ್ರತಿಮೆಯ ನೆರಳಿನಲ್ಲಿ ನಿಂತಿದ್ದಾಗ ಗುಂಪಿನ ಹಿರಿಯ ಮಹಿಳೆಯೊಬ್ಬರು, "ಅಲ್ಲಮ್ಮಾ, ಇಷ್ಟೆಲ್ಲ ಹೇಳಿದೆ, ಮೈಕೋ ಹೆಸರೇ ಬರಲಿಲ್ಲವಲ್ಲ? ನಮ್ಮ ಯಜಮಾನರು ಅಲ್ಲೇ ಇದ್ದಿದ್ದು" ಎಂದು ಕೇಳಿದರು. ಮಾರ್ಗದರ್ಶಿ ನಗುತ್ತಾ, "ಅದು ಕಂಪನಿ ವಿಷಯ ಆಂಟಿ, ಇದು ಸಂಸ್ಕೃತಿಯ ಟೂರು" ಎಂದರು. ನಾನು ಆ ಹಿರಿಯರ ಪಕ್ಷ. ಬಾಷ್ ಸಂಸ್ಥೆಯ ಬಂಡವಾಳದಲ್ಲಿ 1951ರಲ್ಲಿ ಶುರುವಾದ ಮೈಕೋ, ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಎಂಜಿನ್ನಿನ ಪಂಪನ್ನೂ ತಯಾರಿಸುತ್ತಾ ಈ ಊರಿನ ಸಾವಿರಾರು ಮನೆಗಳ ಒಲೆ ಉರಿಸಿತು. ಅದೇ 1951ರಲ್ಲಿ ಭಾರತವು ಜರ್ಮನಿಯೊಂದಿಗಿನ ಯುದ್ಧಸ್ಥಿತಿ ಮುಗಿಯಿತೆಂದು ಸಾರಿ, ಪಶ್ಚಿಮ ಜರ್ಮನಿಯೊಡನೆ ರಾಜತಾಂತ್ರಿಕ ಸಂಬಂಧವನ್ನೂ ಸ್ಥಾಪಿಸಿಕೊಂಡಿತು. ದೆಹಲಿಯಲ್ಲಿ ಕಡತಗಳು ಸಹಿಯಾಗುತ್ತಿದ್ದ ವರ್ಷವೇ ಈ ಕಂಪನಿಯೂ ಹುಟ್ಟಿತು. ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾದರೂ ಮೈಕೋ ಲೇಔಟ್ ಮಾತ್ರ ಮೈಕೋ ಲೇಔಟ್ ಆಗಿಯೇ ಉಳಿದಿದೆ. ಸಂಬಳ, ಬೋನಸ್ಸು, ಸಹಕಾರ ಸಂಘದ ನಿವೇಶನ ಇವುಗಳ ಮೂಲಕ ಒಂದು ಪರದೇಶ ನಮ್ಮ ಸಂಸಾರಗಳೊಳಗೆ ಬಂದದ್ದು ಸಂಸ್ಕೃತಿಯಲ್ಲವೆಂದರೆ ಮತ್ತೇನು?

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಫೋಕೆ-ವುಲ್ಫ್ ಸಂಸ್ಥೆಯಲ್ಲಿ ಹಿಟ್ಲರನ ವಾಯುಪಡೆಗೆ ಯುದ್ಧವಿಮಾನಗಳನ್ನು ರೂಪಿಸಿದ್ದ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿನ ಎಚ್‌ಎಎಲ್‌ಗೆ ಬಂದು, ಇಲ್ಲಿನ ಎಂಜಿನಿಯರುಗಳ ಜೊತೆ ಸೇರಿ ಮಾರುತ ಎಂಬ ಜೆಟ್ ಯುದ್ಧವಿಮಾನವನ್ನು ವಿನ್ಯಾಸಗೊಳಿಸಿದರು. ಅದು 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಹಾರಿಸಿದವರು ಸುರಂಜನ್ ದಾಸ್. ಹಳೆ ವಿಮಾನ ನಿಲ್ದಾಣ ರಸ್ತೆಯ ಬಳಿ ವಾಹನದಟ್ಟಣೆಗೆ ಹೆಸರಾದ ಸುರಂಜನ್ ದಾಸ್ ರಸ್ತೆ ಅವರದೇ ನೆನಪಿನದು. ಒಟ್ಟು 147 ಮಾರುತಗಳು ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು, ಆದರೆ ವಿನ್ಯಾಸಕ್ಕೆ ತಕ್ಕ ಶಕ್ತಿಯ ಎಂಜಿನ್ ಕೊನೆಗೂ ಸಿಗಲಿಲ್ಲ. ಆ ವಿಮಾನಗಳಲ್ಲೊಂದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿದೆ, ಇನ್ನೊಂದು ಮ್ಯೂನಿಕ್ ಸಮೀಪದ ಷ್ಲೈಸ್‌ಹೈಮ್‌ನ ವಿಮಾನ ಸಂಗ್ರಹಾಲಯದಲ್ಲಿದೆ. ನಮ್ಮ ಎಚ್‌ಎಎಲ್‌ನಲ್ಲಿ ಜೋಡಣೆಯಾದ ವಿಮಾನವೊಂದು ಜರ್ಮನಿಯ ಮ್ಯೂಸಿಯಮ್ಮಿನಲ್ಲಿ ನಿಂತಿರುವುದಕ್ಕಿಂತ ಮಿಗಿಲಾದ ಉದಾಹರಣೆಯನ್ನು ಈ ಪ್ರವಾಸ ಎಲ್ಲಿಂದ ತರಬೇಕಿತ್ತು? ಕಿಟ್ಟೆಲ್ ಪ್ರತಿಮೆಯಿಂದ ಕಸ್ತೂರಬಾ ರಸ್ತೆ ದೂರವೇನಲ್ಲ. ಆದರೂ ವಾಹನ ಅತ್ತ ತಿರುಗಲಿಲ್ಲ.

ತಿರುಗಿದ್ದರೆ ಮುಂದಿನ ನಿಲ್ದಾಣಕ್ಕೆ ಅರ್ಥ ಇಮ್ಮಡಿಯಾಗುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತೋರಿಸುವುದು ಒಟ್ಟೊ ಕೋನಿಗ್ಸ್‌ಬರ್ಗರ್ ಅವರ ಕಟ್ಟಡಗಳನ್ನು. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಈ ವಾಸ್ತುಶಿಲ್ಪಿ ಯಹೂದಿಯೆಂಬ ಕಾರಣಕ್ಕೆ 1933ರಲ್ಲಿ ಕೆಲಸ ಕಳೆದುಕೊಂಡು, ಈಜಿಪ್ಟಿನಲ್ಲಿ ಕೆಲಕಾಲ ಇದ್ದು, 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಸೇರಿದರು. ಬಿಸಿಲು ನೇರವಾಗಿ ಗೋಡೆಗೆ ಬಡಿಯದಂತೆ ಸಜ್ಜಾ ಎಷ್ಟು ಚಾಚಬೇಕು, ಗಾಳಿ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗಬೇಕು ಎಂಬ ಲೆಕ್ಕಗಳನ್ನು ಅವರು ಇಲ್ಲಿಯ ಕೆಲಸದಲ್ಲಿ ಕಲಿತು, ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವೆಂಬ ಪಾಠವನ್ನೇ ಕಟ್ಟಿದರು. ಏರೋನಾಟಿಕ್ಸ್ ವಿಭಾಗದ ಕಟ್ಟಡದ ಎದುರು ಮಾರ್ಗದರ್ಶಿ ಇದನ್ನು ವಿವರಿಸಿದ ರೀತಿ ಮೆಚ್ಚುವಂಥದು: ಎಲ್ಲರನ್ನೂ ಮೊದಲು ಬಿಸಿಲಿನಲ್ಲಿ ನಿಲ್ಲಿಸಿ, ಅನಂತರ ನೆರಳಿಗೆ ಕರೆದು, ವ್ಯತ್ಯಾಸ ಮೈಗೆ ತಿಳಿದ ಮೇಲೆ ಮಾತು ಆರಂಭಿಸಿದರು. ಕೋನಿಗ್ಸ್‌ಬರ್ಗರ್ ಅವರ ಸೋದರಮಾವ ಮ್ಯಾಕ್ಸ್ ಬಾರ್ನ್ ಸಹ ಇದೇ ಆವರಣದಲ್ಲಿ 1935–36ರಲ್ಲಿ ಆರು ತಿಂಗಳು ಕಳೆದಿದ್ದರು. ನಾಜಿಗಳಿಂದ ಗ್ಯೋಟಿಂಗೆನ್ನಿನ ಹುದ್ದೆ ಕಳೆದುಕೊಂಡಿದ್ದ ಆ ಭೌತವಿಜ್ಞಾನಿಯನ್ನು ಇಲ್ಲಿಯೇ ಕಾಯಂ ಆಗಿ ಉಳಿಸಿಕೊಳ್ಳಲು ಸಿ. ವಿ. ರಾಮನ್ ಬಹಳ ಪ್ರಯತ್ನಪಟ್ಟರೂ ಅದು ಕೈಗೂಡಲಿಲ್ಲ. ಬಾರ್ನ್ ಅವರಿಗೆ 1954ರಲ್ಲಿ ನೊಬೆಲ್ ಬಂದಿತು.

ಇಲ್ಲಿಯೂ ಕರಪತ್ರದ್ದು ಅದೇ ರಾಗ: 'ಜರ್ಮನಿಯ ಕೊಡುಗೆ'. ಜರ್ಮನಿ ಹೊರಗಟ್ಟಿದವರನ್ನು ಮೈಸೂರು ಸಂಸ್ಥಾನ ಕರೆದು ಕೆಲಸ ಕೊಟ್ಟರೆ ಅದು ಯಾರ ಕೊಡುಗೆ? ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಒಬ್ಬರು ಮತ್ತು ಹಿಟ್ಲರನ ವಾಯುಪಡೆಗೆ ವಿಮಾನ ಕಟ್ಟಿದ ಇನ್ನೊಬ್ಬರು, ಎರಡು ದಶಕಗಳೊಳಗೆ ಇದೇ ಊರಿನಲ್ಲಿ ಸಂಬಳದ ಕೆಲಸ ಮಾಡಿದರು. ಇಬ್ಬರನ್ನೂ ಒಂದೇ ಬೆಳಿಗ್ಗೆ ಅಕ್ಕಪಕ್ಕ ಇಟ್ಟು ತೋರಿಸುವ ಅವಕಾಶವನ್ನು ಕೈಯಾರೆ ಬಿಟ್ಟಿರುವುದೇ ಈ ಪ್ರವಾಸದ ಬಗ್ಗೆ ನನ್ನ ಮುಖ್ಯ ತಕರಾರು.

ವಿಜ್ಞಾನ ಸಂಸ್ಥೆಯಿಂದ ಇಂದಿರಾನಗರಕ್ಕೆ ಬರುವ ದಾರಿಯನ್ನು ಭಾನುವಾರವೆಂದು ನಂಬಿ ಹಾಕಿರಬೇಕು. ಮೇಖ್ರಿ ವೃತ್ತ ಅದನ್ನು ನಂಬಲಿಲ್ಲ. ವಾಹನದಲ್ಲಿ ಕುಳಿತಿದ್ದಾಗ ಇಂದಿನ ಸಂಬಂಧಗಳ ಪಟ್ಟಿಯನ್ನು ಧ್ವನಿವರ್ಧಕದಲ್ಲಿ ಓದಿದರು: 2000ದ ಕಾರ್ಯತಂತ್ರದ ಸಹಭಾಗಿತ್ವ, 2007ರ ಕರ್ನಾಟಕ–ಬವೇರಿಯ ಒಡಂಬಡಿಕೆ, 2008ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ಕಾನ್ಸುಲೇಟ್. ಕೇಳುವವರು ಕಡಿಮೆಯಿದ್ದರು. ಉದ್ಯೋಗಕ್ಕೆಂದು ಜರ್ಮನ್ ಕಲಿಯುತ್ತಿರುವ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ವೀಸಾ ಬಗ್ಗೆ ಕೇಳಿದ ಪ್ರಶ್ನೆಗೆ ಮಾತ್ರ ಎಲ್ಲರ ಕಿವಿ ನಿಮಿರಿತು.

ಕೊನೆಯ ನಿಲ್ದಾಣ ಮ್ಯಾಕ್ಸ್ ಮುಲ್ಲರ್ ಭವನ. 1849ರಿಂದ 1874ರವರೆಗೆ ಸಾಯಣ ಭಾಷ್ಯದೊಡನೆ ಋಗ್ವೇದವನ್ನು ಆರು ಸಂಪುಟಗಳಲ್ಲಿ ಸಂಪಾದಿಸಿದ ಮುಲ್ಲರ್ ಭಾರತಕ್ಕೆ ಒಮ್ಮೆಯೂ ಬಂದವರಲ್ಲ. ಜರ್ಮನ್ ಭಾಷೆ ಕಲಿಸುವ, ಅಲ್ಲಿನ ಸಂಸ್ಕೃತಿಯನ್ನು ಪರಿಚಯಿಸುವ ಗಯಟೆ ಸಂಸ್ಥೆ ಜಗತ್ತಿನ ಬೇರೆಲ್ಲೆಡೆ ಗಯಟೆಯ ಹೆಸರಿನಲ್ಲೇ ಇದ್ದರೂ ಭಾರತದಲ್ಲಿ ಇವರ ಹೆಸರಿನಿಂದಲೇ ಜನಜನಿತ. ಈ ಭಾಗಕ್ಕೆ ಇನ್ನಷ್ಟು ಸಮಯ ಬೇಕಿತ್ತು. ದಾರಿಯಲ್ಲಿ ಕಳೆದ ಹೊತ್ತು ಇಲ್ಲಿಂದಲೇ ಕಡಿತವಾಯಿತು. ಉಪಾಹಾರಕ್ಕೆ ಕೊಟ್ಟ ಉಪ್ಪು ಹಚ್ಚಿದ ಪ್ರೆಟ್ಸೆಲ್ ಗಟ್ಟಿಯಾಗಿತ್ತು, ಫಿಲ್ಟರ್ ಕಾಫಿ ಚೆನ್ನಾಗಿತ್ತು.

ಭಾಷೆಯ ಬಗ್ಗೆಯೂ ಒಂದು ಮಾತು. ನಿರೂಪಣೆ ಬಹುಪಾಲು ಇಂಗ್ಲಿಷಿನಲ್ಲಿದೆ. ಕೇಳಿದರೆ ಕನ್ನಡದಲ್ಲೂ ಹೇಳುತ್ತಾರೆ, ಮತ್ತು ಮಾರ್ಗದರ್ಶಿಯ ಕನ್ನಡ ಅವರ ಇಂಗ್ಲಿಷಿಗಿಂತ ಎಷ್ಟೋ ಸೊಗಸಾಗಿದೆ. ಕಿಟ್ಟೆಲ್ ಎದುರು ನಿಂತು ಕನ್ನಡಕ್ಕಾಗಿ ಕೈಯೆತ್ತಿ ವಿನಂತಿಸಬೇಕಾದ ಪರಿಸ್ಥಿತಿ ಮುಜುಗರದ್ದು. ತಿಂಗಳಿಗೊಂದು ಬಾರಿಯಾದರೂ ಪೂರ್ತಿ ಕನ್ನಡದ ಪ್ರವಾಸವನ್ನು ಇಟ್ಟರೆ ಜನ ಬರುತ್ತಾರೆ. ಹಾಗೆಯೇ ಇಡೀ ನಿರೂಪಣೆ ಅಲ್ಲಿಂದ ಇಲ್ಲಿಗೆ ಬಂದದ್ದನ್ನಷ್ಟೇ ಎಣಿಸುತ್ತದೆ. ಬವೇರಿಯದ ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ ತರಗತಿಗಳು ನಡೆದಿರುವಂಥ ಸಂಗತಿಗಳಿಗೂ ಜಾಗ ಕೊಡಬಹುದು.

ಹೋಗುವವರಿಗೆ ಕೆಲವು ಸೂಚನೆಗಳು. ಟೋಪಿ ಮತ್ತು ನಡೆಯಲು ಅನುಕೂಲವಾದ ಚಪ್ಪಲಿ ಇರಲಿ, ಮನೆಯಲ್ಲೇ ತಿಂಡಿ ಮುಗಿಸಿಕೊಂಡು ಹೊರಡಿ. ಏಳಕ್ಕೆ ಸೇರಿದವರಿಗೆ ಮಧ್ಯಾಹ್ನದವರೆಗೆ ನೀರು ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಮಂಡಿನೋವಿರುವ ಹಿರಿಯರು ಲಾಲ್‌ಬಾಗ್ ಮತ್ತು ಪ್ರತಿಮೆಯ ಭಾಗಗಳಿಗೆ ಮಾತ್ರ ಸೇರಿಕೊಳ್ಳಬಹುದೇ ಎಂದು ನಾನು ವಿಚಾರಿಸಿದಾಗ ಅರ್ಧ ಶುಲ್ಕಕ್ಕೆ ಒಪ್ಪಿದರು. ಶಾಲಾಮಕ್ಕಳಿಗೆ ಹೂವಿನ ರಟ್ಟು ಖಂಡಿತ ಹಿಡಿಸುತ್ತದೆ, ನಿಘಂಟಿನ ಭಾಗ ಹಿಡಿಸುವುದು ಅನುಮಾನ. ಎಚ್‌ಎಎಲ್ ವಸ್ತುಸಂಗ್ರಹಾಲಯ ಮತ್ತು ಆಡುಗೋಡಿಯನ್ನು ಸೇರಿಸಿ ಕಾರ್ಖಾನೆಗಳ ಕಡೆಯ ಎರಡನೆಯ ಪ್ರವಾಸವೊಂದನ್ನು ರೂಪಿಸುವ ಯೋಚನೆಯಿದೆಯೆಂದು ಹೊರಡುವಾಗ ಮಾರ್ಗದರ್ಶಿ ಹೇಳಿದರು. ಮೈಕೋದ ಆ ಹಿರಿಯ ಮಹಿಳೆ ಅಲ್ಲಿಯೇ ತಮ್ಮ ಮತ್ತು ಯಜಮಾನರ ಹೆಸರು ಬರೆಸಿದರು. ಕನ್ನಡದಲ್ಲಿ ನಡೆಸುವುದಾದರೆ ನನ್ನದನ್ನೂ ಬರೆದುಕೊಳ್ಳಿ ಎಂದು ಹೇಳಿ ಬಂದಿದ್ದೇನೆ.